ಮರುಭೂಮಿಯಲ್ಲಿ ನೀರು ತುಂಬುವ ಹಬ್ಬ

ಹೊಳೆನರಸೀಪುರ
೧೦ ಸೆಪ್ಟೆಂಬರ್ ೧೯೮೬

ಚಿ. ಸೌ. ನಿರೂ,

ನಿನ್ನ ಕಾಗದವನ್ನು ಒಂದು ಸಲ ಕನ್ನಡಕ ಹಾಕಿಕೊಂಡು ಓದಿದೆ, ಇನ್ನೊಂದು ಸಲ ನಂಬಿಕೆ ಬರದೆ ಓದಿದೆ. ಮರುಭೂಮಿಗೆ ಹೋಗಿ, ಭೂಮಿ ಎಲ್ಲಿ ಬಾಯಿ ಬಿಟ್ಟಿದೆ ಎಂದು ಹುಡುಕಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅದರೊಳಗೆ ಇಳಿಯುತ್ತೀಯಂತೆ. ನಮ್ಮ ಬಾವಿಗೆ ಬಿಂದಿಗೆ ಬಿದ್ದರೆ ಪಾತಾಳಗರಡಿ ಬಿಟ್ಟು ತೆಗೆಯುತ್ತಿದ್ದೆವು. ನೀವು ಮನುಷ್ಯರನ್ನೇ ಬಿಡುತ್ತೀರಾ? ಅಟ್ಟದ ಏಣಿ ಇಳಿಯುವುದಕ್ಕೆ "ಅತ್ತೇ, ಹಿಡ್ಕೊಳ್ಳೀ" ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದವಳು ನೀನೇ ತಾನೆ? ತಾಯಿ ಇಲ್ಲದ ಮಗು ಎಂದು ಕಂಕುಳಿಂದ ಇಳಿಸದೆ ನಾನೇ ನಿನ್ನನ್ನು ಕೆಡಿಸಿದೆ ಎಂದು ನಿನ್ನ ಅಪ್ಪ ಅನ್ನುತ್ತಿದ್ದ. ಅವನಿದ್ದು ಈ ಕಾಗದ ನೋಡಬೇಕಿತ್ತು.

ಪಕ್ಕದ ಬೀದಿಯ ಜಯರಾಮ್ ರೆಡ್‌ವುಡ್ ಸಿಟಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಸೀಗೆಪುಡಿ ಕಳಿಸಿದ್ದೇನೆ. ಈ ವರ್ಷದ್ದು ಹಿಂದೆಂದೂ ಇಷ್ಟು ಚೆನ್ನಾಗಿ ಬಂದಿರಲಿಲ್ಲ. ಸೀಗೆ, ಅಂಟುವಾಳ, ಮೆಂತ್ಯ, ನಿಂಬೆ ಸಿಪ್ಪೆ, ಎಲ್ಲ ನಾನೇ ಒಣಗಿಸಿ ಮಿಲ್ಲಿನ ಮುಂದೆ ನಿಂತು ಪುಡಿ ಮಾಡಿಸಿದ್ದು. ಮಹಿಳಾ ಸಮಾಜದಲ್ಲಿ ಎಲ್ಲರೂ ಗೌರಮ್ಮನ ಪುಡಿ ಎಂದೇ ಹೆಸರಿಟ್ಟಿದ್ದಾರೆ. ನೊರೆ ನೋಡಿದರೆ ನಿನಗೇ ಗೊತ್ತಾಗುತ್ತದೆ.

ಈ ಸಲ ನರಕ ಚತುರ್ದಶಿ ಶನಿವಾರ ಬಂದಿದೆ. ಶುಕ್ರವಾರ ಸಂಜೆ ನೀರು ತುಂಬಬೇಕು. ಹಂಡೆ ಇಲ್ಲ, ಒಲೆ ಇಲ್ಲ ಎಂಬ ನಿನ್ನ ರಾಗ ಬೇಡ. ಯಾವ ದೇಶದಲ್ಲಿ, ಯಾವ ಗುಂಡಿಯಲ್ಲಿ ಇದ್ದರೂ ಬೆಳಗಾಗುವ ಮೊದಲು ತಲೆಗೆ ಎಣ್ಣೆ ಬೀಳಬೇಕು. ನಿನ್ನ ಯಜಮಾನ ಶ್ರೀಕಂಠನಿಗೂ ಹಚ್ಚು. ಅವನ ತಲೆಯಲ್ಲಿ ಉಳಿದಿರುವ ನಾಲ್ಕು ಕೂದಲಾದರೂ ಉಳಿದಾವು.

ಆಶೀರ್ವಾದಗಳೊಂದಿಗೆ,
ಗೌರಮ್ಮ ಅತ್ತೆ


ಸಾಂಟಾ ಕ್ಲಾರಾ
೫ ಅಕ್ಟೋಬರ್ ೧೯೮೬

ಪ್ರೀತಿಯ ಅತ್ತೆಗೆ ನಿಮ್ಮ ನಿರು ಮಾಡುವ ನಮಸ್ಕಾರ.

ಪುಡಿ ತಲುಪಿತು. ಪೊಟ್ಟಣ ಬಿಚ್ಚಿದ ಕೂಡಲೇ ಅಪಾರ್ಟ್‌ಮೆಂಟಿಗೆಲ್ಲ ನಮ್ಮ ಬಚ್ಚಲುಮನೆಯ ವಾಸನೆ ಬಂತು. ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವನು ಇದೇನೆಂದು ಮೂಸಿ ನೋಡಿ ಸೀನಿದನಂತೆ. ಜಯರಾಮ್ ಅದನ್ನು ಕಂಡವರಿಗೆಲ್ಲ ಹೇಳಿಕೊಂಡು ನಗುತ್ತಿದ್ದಾನೆ.

ಆದರೆ ಇಲ್ಲಿನ ಬಚ್ಚಲಿನಲ್ಲಿ ಇದನ್ನು ಬಳಸುವುದು ಕಷ್ಟ. ಹೋದ ದೀಪಾವಳಿಯಲ್ಲಿ ಬಳಸಿ ಟಬ್ಬಿನ ಕೊಳವೆ ಕಟ್ಟಿಕೊಂಡಿತ್ತು. ಮ್ಯಾನೇಜರು ಬಂದು, "ಟಬ್ಬಿನಲ್ಲಿ ಗಿಡ ನೆಡುತ್ತಿದ್ದೀರಾ?" ಎಂದು ಕೇಳಿದ. ಶ್ರೀಕಂಠ ಅವನೆದುರು ತಲೆ ತಗ್ಗಿಸಿಕೊಂಡು ನಿಂತಿದ್ದು, ಅವನು ಹೋದ ಮೇಲೆ, "ಕ್ಯಾಲಿಫೋರ್ನಿಯಾದಲ್ಲಿ ಡ್ರೈನು ಬ್ಲಾಕ್ ಮಾಡಿದ ಫಸ್ಟ್ ಕನ್ನಡತಿ ನೀನೇ ಕಣೇ" ಎಂದರು.

ಈ ಸಲ ಅದಕ್ಕೂ ದಾರಿ ಸಿಕ್ಕಿದೆ. ರುತ್ ಬಗ್ಗೆ ಬರೆದಿದ್ದೆನಲ್ಲ, ನಮ್ಮ ಆಫೀಸಿನ ಲ್ಯಾಬಿನ ಮುಖ್ಯಸ್ಥೆ? ನಿಮಗಿಂತ ಸ್ವಲ್ಪ ಚಿಕ್ಕವರು, ಒಂಟಿ. ನೆವಾಡದ ಗಡಿಯ ಮರುಭೂಮಿಯಲ್ಲಿ ಒಂದು ಕಣಿವೆ ಇದೆಯಂತೆ. ಅದರ ಹೊಟ್ಟೆಯಲ್ಲಿ ಬುಗ್ಗೆಯ ನೀರಿನ ಪುಟ್ಟ ಕೊಳ, ಕೊಳದಲ್ಲಿ ಬೆರಳಿನ ಗೆಣ್ಣಿನಷ್ಟು ಮೀನುಗಳು. ಆ ಜಾತಿಯವು ಬೇರೆಲ್ಲಿಯೂ ಉಳಿದಿಲ್ಲ ಎನ್ನುತ್ತಾರೆ. ಒಂದು ಸಂಘದ ಪರವಾಗಿ ಪ್ರತಿ ವರ್ಷ ಹೋಗಿ ಅವು ಕ್ಷೇಮವಾಗಿವೆಯೇ ಎಂದು ನೋಡಿ ಬರುವುದು ರುತ್ ಕೆಲಸ. ಯಾರನ್ನೂ ಕರೆದುಕೊಂಡು ಹೋಗುವವರಲ್ಲ.

ಒಂದು ದಿನ ಊಟದ ಹೊತ್ತಿನಲ್ಲಿ ರಾಮನಾಥಪುರದ ಕಥೆ ಹೇಳಿದೆ. ಹೊಳೆಯಲ್ಲಿ ದೇವರ ಮೀನುಗಳಿವೆ, ಯಾರೂ ಹಿಡಿಯುವಂತಿಲ್ಲ, ಚಿಕ್ಕವಳಿದ್ದಾಗ ಅತ್ತೆಯ ಸೆರಗು ಹಿಡಿದುಕೊಂಡು ಪುರಿ ಹಾಕುತ್ತಿದ್ದೆ ಎಂದು. ರುತ್ ಸ್ಯಾಂಡ್‌ವಿಚ್ ಕೆಳಗಿಟ್ಟು ನನ್ನನ್ನೇ ನೋಡಿದರು. "ಹಾಗಾದರೆ ನನ್ನ ಮೀನುಗಳನ್ನು ನೀನು ನೋಡಲೇಬೇಕು" ಎಂದರು. ನಮ್ಮ ಊರಿನ ಮೀನು ನನಗೆ ಇಷ್ಟು ಮರ್ಯಾದೆ ತಂದುಕೊಡುತ್ತದೆ ಎಂದುಕೊಂಡಿರಲಿಲ್ಲ.

ಪ್ರತಿ ಭಾನುವಾರ ನನಗೂ ಶ್ರೀಕಂಠನಿಗೂ ಒಂದು ಬಂಡೆಯ ಮೇಲೆ ಹಗ್ಗದಲ್ಲಿ ಇಳಿಯುವುದನ್ನು ಕಲಿಸುತ್ತಿದ್ದಾರೆ. ಶುಕ್ರವಾರ ಸಂಜೆ ಕೊಳದ ಹತ್ತಿರ ಇರುತ್ತೇವೆ. ಬುಗ್ಗೆಯ ನೀರು ಬೆಚ್ಚಗಿದೆಯಂತೆ ಅತ್ತೆ! ಹಂಡೆಯೂ ಬೇಡ, ಸೌದೆಯೂ ಬೇಡ. ಎಣ್ಣೆಯನ್ನು ಫಿಲ್ಮ್ ರೋಲಿನ ಡಬ್ಬಿಯಲ್ಲಿ ತುಂಬಿಟ್ಟಿದ್ದೇನೆ. ಪುಡಿಯ ಪೊಟ್ಟಣ ಚೀಲದ ತಳದಲ್ಲಿದೆ.

ನಿಮ್ಮ
ನಿರು


ಸಾಂಟಾ ಕ್ಲಾರಾ
೧೦ ನವೆಂಬರ್ ೧೯೮೬

ಪ್ರೀತಿಯ ಅತ್ತೆಗೆ,

ನಾವಿಬ್ಬರೂ ಸುಖವಾಗಿ ಹಿಂತಿರುಗಿದೆವು. ಕೈಕಾಲು ಮುರಿದಿಲ್ಲ. ನಿಮಗೆ ಎಲ್ಲವನ್ನೂ ಬರೆಯುತ್ತೇನೆಂದು ಹೇಳಿದ್ದೆ, ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಕಷ್ಟ ಮೊದಲನೆಯ ಹೆಜ್ಜೆ. ಬಂಡೆಯ ಅಂಚಿಗೆ ಬೆನ್ನು ಹಾಕಿ ನಿಂತು, ಸೊಂಟದ ಪಟ್ಟಿಯ ಕೊಂಡಿಯಲ್ಲಿ ಹಗ್ಗ ಪೋಣಿಸಿ, ಏನೂ ಇಲ್ಲದ ಕಡೆಗೆ ಒರಗಬೇಕು. ಒರಗಿದ ಮೇಲೆ ಭಯ ಹೋಗುತ್ತದೆ. ಹಗ್ಗ ಕೈಯೊಳಗೆ ಬಿಸಿಯಾಗಿ ಜಾರುತ್ತದೆ, ಕಾಲು ಗೋಡೆಯ ಮೇಲೆ ನಡೆಯುತ್ತದೆ. ಎಲ್ಲರೂ ಇಳಿದ ಮೇಲೆ ಹಗ್ಗದ ಒಂದು ತುದಿ ಹಿಡಿದು ಎಳೆದರೆ ಇಡೀ ಹಗ್ಗ ಕೆಳಗೆ ಬೀಳುತ್ತದೆ. ಅಲ್ಲಿಂದಾಚೆ ಬಂದ ದಾರಿಯಲ್ಲಿ ವಾಪಸು ಹೋಗುವಂತಿಲ್ಲ, ಮುಂದೆ ಇಳಿಯುತ್ತಲೇ ಹೋಗಬೇಕು.

ಒಳಗೆ ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಇಕ್ಕಟ್ಟು. ಕಲ್ಲು ಒಂದು ಕಡೆ ಕಾವಿ ಬಣ್ಣ, ಒಂದು ಕಡೆ ಬೆಲ್ಲದ ಬಣ್ಣ. ಮೇಲೆ ಆಕಾಶ ಸೀರೆಯ ಅಂಚಿನಷ್ಟು ಕಾಣುತ್ತದೆ. ಸಂಜೆಯ ಹೊತ್ತಿಗೆ ಗೋಡೆಯಲ್ಲಿ ಜರೀಗಿಡ ಕಾಣಿಸಿತು, ನೀರಿನ ಸದ್ದು ಕೇಳಿಸಿತು. ಕಲ್ಲಿನ ಬಿರುಕಿನಿಂದ ಬುಗ್ಗೆ ಹೊರಟು ಒಂದು ಕೊಳಕ್ಕೆ ಬೀಳುತ್ತದೆ. ನೀರು ನಿಜವಾಗಿಯೂ ಬೆಚ್ಚಗಿತ್ತು. ಮೇಲಿನಿಂದ ಎಳೆದ ಹಗ್ಗ ಕೊಳದಲ್ಲಿ ಸಿಕ್ಕಿಕೊಂಡಾಗ ರುತ್ ಧುಮುಕಿ ಬಿಡಿಸಿಕೊಂಡು ಬಂದರು.

ಕೊಳದ ದಂಡೆಯ ಕಲ್ಲಿಗೆ ಅರಿಶಿನ ಕುಂಕುಮ ಇಟ್ಟೆ. ಅದೇ ನನ್ನ ನೀರು ತುಂಬುವ ಹಬ್ಬ. ಇದೇಕೆ ಎಂದು ರುತ್ ಕೇಳಿದರು. ನಾಳೆಯ ಸ್ನಾನದ ನೀರಿಗೆ ಇಂದು ಪೂಜೆ ಎಂದೆ. ಅವರೂ ಕೈ ಜೋಡಿಸಿದರು.

ಬೆಳಿಗ್ಗೆ ಅಭ್ಯಂಜನ ಚೆನ್ನಾಗಿ ಆಯಿತು. ಆಮೇಲೆ ಉಳಿದ ಇಳಿಜಾರುಗಳನ್ನೂ ಇಳಿದು ಸಂಜೆಗೆ ಕಾರು ಸೇರಿದೆವು.

ಅತ್ತೆ, ಇನ್ನು ಮೇಲೆ ಸೀಗೆಪುಡಿ ಕಳಿಸಬೇಡಿ. ಎಲ್ ಕಮಿನೊ ರಸ್ತೆಯ ಇಂಡಿಯನ್ ಅಂಗಡಿಗಳಲ್ಲಿ ಈಗ ಎಲ್ಲವೂ ಸಿಗುತ್ತದೆ.

ನಿರು


ಹೊಳೆನರಸೀಪುರ
೨ ಡಿಸೆಂಬರ್ ೧೯೮೬

ಚಿ. ಸೌ. ನಿರೂ,

ನಿನ್ನ ಕಾಗದವನ್ನು ಮಹಿಳಾ ಸಮಾಜದಲ್ಲಿ ಎಲ್ಲರೆದುರು ಓದಿದೆ. ಹಗ್ಗ ಕೆಳಗೆ ಬೀಳುವ ಕಡೆ ಸಣ್ಣತಾಯಮ್ಮ, "ಅಯ್ಯೋ ನಮ್ಮಪ್ಪಾ, ಮತ್ತೆ ಮೇಲಕ್ ಬರೋದೆಂಗೆ?" ಎಂದು ಎದೆ ಹಿಡಿದುಕೊಂಡಳು. ಅಮೆರಿಕದ ಪಾತಾಳದಲ್ಲಿ ಗೌರಮ್ಮನ ಪುಡಿ ಹಚ್ಚಿ ಮಿಂದವಳು ನೀನೊಬ್ಬಳೇ ಎಂದು ಕಾರ್ಯದರ್ಶಿ ಹೇಳಿದಳು. ಚಪ್ಪಾಳೆಯೂ ಆಯಿತು. ನಿನ್ನ ಆ ಮೀನುಗಳೂ ಚೆನ್ನಾಗಿದ್ದವು ಎಂದುಕೊಂಡಿದ್ದೇನೆ.

ಪುಡಿ ಬೇಡ ಎಂದು ಬರೆದಿದ್ದೀಯ. ಅಂಗಡಿಯದು ಸಿಗುತ್ತದೆ ನಿಜ. ಅಂಗಡಿಯ ಪುಡಿಯಲ್ಲಿ ಏನು ಇರುತ್ತದೆಂದು ಅಂಗಡಿಯವನಿಗೂ ಗೊತ್ತಿರುವುದಿಲ್ಲ. ನಾನು ನಿನ್ನ ಮಾತು ಕೇಳುವವಳಲ್ಲ ಎಂದು ನಿನಗೆ ಗೊತ್ತೇ ಇದೆ. ಶೇಷಗಿರಿಯವರು ಮಗಳ ಬಾಣಂತನಕ್ಕೆಂದು ಹೆಂಡತಿಯನ್ನು ಕರೆದುಕೊಂಡು ಸನ್ನಿವೇಲ್‌ಗೆ ಬರುತ್ತಿದ್ದಾರೆ. ಅವರ ಕೈಯಲ್ಲಿ ಹೋದ ಸಲಕ್ಕಿಂತ ದೊಡ್ಡ ಪೊಟ್ಟಣ ಕಳಿಸಿದ್ದೇನೆ. ಹೋಗಿ ತೆಗೆದುಕೋ. ತಲುಪಿತು ಎಂದು ಒಂದು ಸಾಲು ಬರೆ, ಸಾಕು.

ಅತ್ತೆ


ಸಾಂಟಾ ಕ್ಲಾರಾ
೧೮ ಜನವರಿ ೧೯೮೭

ಪ್ರೀತಿಯ ಅತ್ತೆಗೆ,

ಬರೆಯುವುದು ತಡವಾಯಿತು. ಆಫೀಸಿನಲ್ಲಿ ಕೆಲಸ ಹೆಚ್ಚು. ಸಂಕ್ರಾಂತಿಗೆ ಎಳ್ಳು ಬೀರಲು ನಾಲ್ಕು ಮನೆಗೆ ಹೋಗಿದ್ದೆ. ಇಲ್ಲಿ ಮಳೆ ಹಿಡಿದಿದೆ. ಫ್ರೀವೇ ಮೇಲೆ ಕಾರುಗಳು ನಿಂತು ನಿಂತು ಹೋಗುತ್ತವೆ.

ರುತ್ ಈಗ ಊಟಕ್ಕೆ ನಮ್ಮ ಜೊತೆ ಕೂರುವುದಿಲ್ಲ. ಅವರ ಕೋಣೆಯ ಗೋಡೆಯ ಮೇಲೆ ಕಣಿವೆಯ ಒಂದು ಫೋಟೋ ಇತ್ತು, ತೆಗೆದಿದ್ದಾರೆ.

ನಿಮ್ಮ ಮಂಡಿ ನೋವು ಹೇಗಿದೆ? ಚಳಿಯಲ್ಲಿ ತಣ್ಣೀರು ಮುಟ್ಟಬೇಡಿ.

ನಿರು


ಹೊಳೆನರಸೀಪುರ
೨೦ ಫೆಬ್ರವರಿ ೧೯೮೭

ನಿರುಪಮಾ,

ಶೇಷಗಿರಿಯವರು ವಾಪಸು ಬಂದರು. ನೀನು ಅವರ ಮಗಳ ಮನೆಗೆ ಹೋಗಿದ್ದೆಯಂತೆ, ಮಗುವಿಗೆ ಬೆಳ್ಳಿ ಲೋಟ ಕೊಟ್ಟೆಯಂತೆ, ಕಾಫಿ ಕುಡಿದೆಯಂತೆ. ಪೊಟ್ಟಣ ತಂದು ಮುಂದಿಟ್ಟರೆ, "ನೀವೇ ಇಟ್ಕೊಳ್ಳಿ, ನಂಗೆ ಬೇಡ" ಎಂದು ಎದ್ದುಬಿಟ್ಟೆಯಂತೆ. ಕೈಯಿಂದ ಮುಟ್ಟಲೂ ಇಲ್ಲವಂತೆ. ಅವರು ನನ್ನ ಮುಖ ನೋಡಿಕೊಂಡೇ ಇದನ್ನು ಹೇಳಿದರು. ನಾನು ಏನು ಹೇಳಲಿ? "ಅವಳಿಗೆ ನೆಗಡಿ ಆಗಿತ್ತೇನೋ" ಎಂದೆ.

ಅಮೆರಿಕದವರ ನಡುವೆ ಹಳ್ಳಿ ಅತ್ತೆಯ ಪುಡಿ ನಿನಗೆ ನಾಚಿಕೆ ತರುತ್ತದೆ ಎಂದಿದ್ದರೆ ನೇರವಾಗಿ ಬರೆಯಬಹುದಿತ್ತು. ನಿನ್ನ ತಲೆಗೆ ಮೊದಲ ಎಣ್ಣೆ ಒತ್ತಿದ ಕೈ ಇದು. ಈ ಕೈಯನ್ನು ಪರರ ಮನೆಯ ಜಗುಲಿಯಲ್ಲಿ ನೀನು ಹಾಗೆ ತಳ್ಳಬಾರದಿತ್ತು.

ಪುಡಿ ಮಾಡುವುದನ್ನು ನಿಲ್ಲಿಸಿದ್ದೇನೆ. ಸಮಾಜಕ್ಕೂ ಕೊಡುತ್ತಿಲ್ಲ. ನಿನಗೆ ಹೇಳುವುದೇನಾದರೂ ಇದ್ದರೆ ಹೇಳು. ಮಳೆ, ಚಳಿ, ಮಂಡಿ ನೋವು ಬರೆಯುವುದಾದರೆ ಏರೋಗ್ರಾಮ್ ಹಾಳು ಮಾಡಬೇಡ.

ಗೌರಮ್ಮ


ಸಾಂಟಾ ಕ್ಲಾರಾ
೮ ಮಾರ್ಚ್ ೧೯೮೭

ಅತ್ತೆ,

ನಾಚಿಕೆ ನಿಮ್ಮ ಪುಡಿಯ ಬಗ್ಗೆ ಅಲ್ಲ, ನನ್ನ ಬಗ್ಗೆ. ಇದನ್ನು ನೀವು ಯಾರ ಎದುರೂ ಓದಬೇಡಿ.

ಕೊಳದ ಹತ್ತಿರ ಇಳಿದ ಸಂಜೆ ರುತ್ ನಮಗೆ ಹೇಳಿದ್ದು ಒಂದೇ ಮಾತು. "ನೀರಿಗೆ ಇಳಿಯಬಹುದು, ಮೆಲ್ಲಗೆ. ಸೋಪು ಮಾತ್ರ ಬೇಡ." ನಾನು ಆಗಲಿ ಎಂದೆ. ಮನಸ್ಸಿನಲ್ಲಿ ನನಗೆ ನಾನೇ ವಕೀಲಳಾದೆ. ಸೀಗೆ ಸೋಪಲ್ಲ, ಕಾಯಿ. ಎಣ್ಣೆ ಸೋಪಲ್ಲ, ಶಾಸ್ತ್ರ. ಕೇಳಿದ್ದರೆ ಬೇಡ ಅನ್ನುತ್ತಿದ್ದರೇನೋ. ಅದಕ್ಕೇ ಕೇಳಲಿಲ್ಲ.

ರುತ್ ತಿರುವಿನಾಚೆಯ ಮರಳಿನಲ್ಲಿ ಮಲಗಿದ್ದರು. ಇನ್ನೂ ಬೆಳಕು ಹರಿದಿರಲಿಲ್ಲ. ಶ್ರೀಕಂಠನ ತಲೆಗೆ ಎಣ್ಣೆ ಒತ್ತಿದೆ, ನಾನೂ ಹಚ್ಚಿಕೊಂಡೆ. ಕೊಳದೊಳಗೆ ಸೊಂಟದವರೆಗೆ ನಿಂತು ಮುಷ್ಟಿ ಮುಷ್ಟಿ ಪುಡಿ ಕಲಸಿ ಉಜ್ಜಿಕೊಂಡೆವು. ನನ್ನ ಕೂದಲಿಗೆ ಎಷ್ಟು ಬೇಕೆಂದು ನಿಮಗೆ ಗೊತ್ತು. ಪೊಟ್ಟಣ ಖಾಲಿಯಾಯಿತು. ಬೆಚ್ಚನೆಯ ನೀರು, ನೊರೆ, ಆ ವಾಸನೆ. ಈ ದೇಶಕ್ಕೆ ಬಂದ ಮೇಲೆ ಅಷ್ಟು ಸಂತೋಷ ನನಗೆ ಆಗಿರಲೇ ಇಲ್ಲ. ಅದನ್ನು ಬರೆಯಲೂ ನಾಚಿಕೆಯಾಗುತ್ತದೆ.

ಬಿಸಿಲು ಬರುವ ಹೊತ್ತಿಗೆ ನೊರೆ ಅಂಚಿಗೆ ಸರಿದು ಒಡೆದಿತ್ತು. ನೀರಿನ ಮೇಲೆ ಎಣ್ಣೆಯ ತೆಳ್ಳನೆಯ ಪದರ ಹೊಳೆಯುತ್ತಿತ್ತು. ಮೊದಲು ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಟ್ಟವು. ನಮ್ಮನ್ನು ನೋಡಲು ಬಂದವು ಎಂದುಕೊಂಡೆ. ಪುರಿ ಇದ್ದರೆ ಹಾಕುತ್ತಿದ್ದೆ ಎಂದು ಶ್ರೀಕಂಠನಿಗೆ ಹೇಳಿದೆ ಅತ್ತೆ. ಆಮೇಲೆ ಒಂದೊಂದೇ ಮಗುಚಿಕೊಂಡು ಬಿಳಿ ಹೊಟ್ಟೆ ತೋರಿಸಿದವು.

ಆಗ ನನಗೆ ರಾಮನಾಥಪುರ ನೆನಪಾಯಿತು. ತಲೆಗೆ ಸೀಗೆ ಹಚ್ಚಿಕೊಂಡು ಮೀನಿನ ಮಡುವಿಗೆ ಓಡಿದ ನನ್ನನ್ನು ಮೆಟ್ಟಿಲ ಮೇಲೆ ಯಾರೋ ಅಜ್ಜ ರೆಟ್ಟೆ ಹಿಡಿದು ನಿಲ್ಲಿಸಿದ್ದು, "ಮೀನ್ ಸಾಯ್ತವೆ ಕಣಮ್ಮ, ಕೆಳಗಡೆ ಹೋಗು" ಎಂದದ್ದು. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿಕೊಳ್ಳುವುದಕ್ಕೂ ನನಗೆ ದಾರಿಯಿಲ್ಲ. ಗೊತ್ತಿತ್ತು, ಮರೆತಿದ್ದೆ.

ರುತ್ ಬಂದರು. ಮಂಡಿಯೂರಿ ಟೋಪಿಯಲ್ಲಿ ಮೀನುಗಳನ್ನು ಬಾಚಿ, ಕುಡಿಯುವ ನೀರನ್ನೆಲ್ಲ ಟೋಪಿಗೆ ಸುರಿದರು. ಒಂದೂ ಚೇತರಿಸಿಕೊಳ್ಳಲಿಲ್ಲ. ನೀರಿನ ಮೇಲಿನ ಎಣ್ಣೆ ನೋಡಿದರು. ತಮ್ಮ ತೋಳು ನೋಡಿಕೊಂಡರು. ಹಿಂದಿನ ದಿನ ಬಿಸಿಲಿಗೆಂದು ಲೋಶನ್ ಹಚ್ಚಿಕೊಂಡು, ಹಾಗೆಯೇ ಹಗ್ಗ ಬಿಡಿಸಲು ನೀರಿಗೆ ಧುಮುಕಿದ್ದರಲ್ಲ. "ನಾನು," ಎಂದರು. "ಇಷ್ಟು ವರ್ಷ ಎಲ್ಲರಿಗೂ ಬುದ್ಧಿ ಹೇಳಿ ಕೊನೆಗೆ ನಾನೇ ಕೊಂದೆ." ನಾನು ಶ್ರೀಕಂಠನ ಕಡೆ ನೋಡಿದೆ. ಅವರು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದರು. ನಾನೂ ಬಗ್ಗಿ ನನ್ನ ದಾರ ಕಟ್ಟಿಕೊಂಡೆ.

ಮುಂದೆ ಇನ್ನೂ ಇಳಿಯುವುದಿತ್ತು. ಪ್ರತಿ ಅಂಚಿನಲ್ಲಿಯೂ ರುತ್ ಅಳುತ್ತಲೇ ನನ್ನ ಗಂಟುಗಳನ್ನು ಎಳೆದೆಳೆದು ಪರೀಕ್ಷಿಸಿದರು. ನನ್ನ ಪ್ರಾಣ ಅವರ ಕೈಯಲ್ಲಿತ್ತು. ನನ್ನ ಹಸಿ ಜಡೆ ಅವರ ಮುಖದ ಹತ್ತಿರವೇ ಇತ್ತು. ಅವರಿಗೆ ಸೀಗೆಯ ವಾಸನೆ ಗೊತ್ತಿರಲಿಲ್ಲ, ಅದು ನನ್ನ ಮೈಯ ವಾಸನೆ ಎಂದುಕೊಂಡಿರಬೇಕು.

ಕಾರಿನಲ್ಲಿ ಹೇಳೋಣ ಎಂದುಕೊಂಡೆ, ಹೇಳಲಿಲ್ಲ. ಮನೆಗೆ ಬಂದ ಮೇಲೆ ಶ್ರೀಕಂಠ, "ಸುಮ್ನಿರು ನಿರು. ಅದು ಗೌರ್ಮೆಂಟ್ ಲ್ಯಾಂಡು. ನಮ್ಮ ಗ್ರೀನ್ ಕಾರ್ಡ್ ಪೇಪರ್ಸ್ ಇನ್ನೂ ಪೆಂಡಿಂಗ್ ಇದೆ. ಹೇಳಿದ್ರೆ ಮೀನು ವಾಪಸ್ ಬರುತ್ತಾ?" ಎಂದರು. ಬರುವುದಿಲ್ಲ ಎಂದು ನಾನೂ ಒಪ್ಪಿಕೊಂಡೆ. ಅವರನ್ನು ಮುಂದೆ ಮಾಡಿ ನಾನು ಹಿಂದೆ ನಿಂತೆ, ಅಷ್ಟೆ.

ರುತ್ ಸಂಘಕ್ಕೂ ಸರ್ಕಾರದ ಕಚೇರಿಗೂ ತಪ್ಪು ತಮ್ಮದೆಂದು ಬರೆದು, ಆ ಕೆಲಸವನ್ನೇ ಬಿಟ್ಟುಬಿಟ್ಟರು. ಕಳಿಸುವ ಮೊದಲು ಆ ಕಾಗದವನ್ನು ನನ್ನ ಮೇಜಿಗೆ ತಂದರು. "ನೀನೂ ಅಲ್ಲಿದ್ದೆ. ನಾನು ಏನಾದರೂ ಬಿಟ್ಟಿದ್ದೇನಾ ನೋಡು" ಎಂದರು. ಓದಿದೆ. ಒಂದು ಅಲ್ಪವಿರಾಮ ತಿದ್ದಿಕೊಟ್ಟೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ನೀವು ಅನ್ನುತ್ತಿದ್ದಿರಿ. ಇಲ್ಲಿ ನನ್ನನ್ನು ಯಾರೂ ಕಳ್ಳಿ ಅನ್ನುತ್ತಿಲ್ಲ, ನಾನು ದಿನವೂ ಹೆಗಲು ಮುಟ್ಟಿಕೊಳ್ಳುತ್ತಿದ್ದೇನೆ. ಶೇಷಗಿರಿಯವರ ಮಗಳ ಮನೆಯಲ್ಲಿ ಆ ಪೊಟ್ಟಣದ ವಾಸನೆ ಬಂದಾಗ ಮಗುಚಿದ ಮೀನುಗಳೇ ಕಣ್ಣೆದುರು ಬಂದವು. ಅದಕ್ಕೆ ಎದ್ದುಬಂದೆ. ನಿಮ್ಮ ಕೈಯನ್ನು ತಳ್ಳಲಿಲ್ಲ ಅತ್ತೆ.

ನಾನು ಏನು ಮಾಡಲಿ?

ನಿರು


ಹೊಳೆನರಸೀಪುರ
೨೭ ಮಾರ್ಚ್ ೧೯೮೭

ನಿರೂ,

ಏನು ಮಾಡಲಿ ಎಂದು ನನ್ನನ್ನು ಕೇಳುತ್ತೀಯಲ್ಲ. ಹೇಳಬೇಕಾದವರು ನಿನ್ನ ಮೇಜಿನಿಂದ ಕೂಗಿದರೆ ಕೇಳುವಷ್ಟು ಹತ್ತಿರ ಕೂತಿದ್ದಾರೆ. ನೀನು ಏಳು ಸಮುದ್ರದಾಚೆಯ ನನಗೆ ಬರೆದೆ. ನಾನು ನಿನ್ನನ್ನು ಬೈಯಲಾರೆ, ಬೈದರೂ ನಿನಗೆ ಕೇಳಿಸುವುದಿಲ್ಲ, ಅದಕ್ಕೇ ನನಗೆ ಬರೆದೆ. ನಿನ್ನನ್ನು ನಾನು ಚೆನ್ನಾಗಿ ಬಲ್ಲೆ. ಹಾಲಿನ ಪಾತ್ರೆ ಉರುಳಿಸಿ ಬಂದು, ಹಿತ್ತಲಲ್ಲಿ ಹಸುವಿನ ಕಿವಿಯಲ್ಲಿ ತಪ್ಪೊಪ್ಪಿಕೊಳ್ಳುತ್ತಿದ್ದವಳು ನೀನು.

ಆದರೆ ಬೈಯುವ ಅಧಿಕಾರ ನನಗೂ ಇಲ್ಲ. ಕೇಳು.

ಅಕ್ಟೋಬರಿನಲ್ಲಿ ನೀನು ಬರೆದದ್ದೆಲ್ಲ ಮೀನಿನ ಮಾತು. ನವೆಂಬರಿನ ಕಾಗದದಲ್ಲಿ ಕಲ್ಲಿನ ಬಣ್ಣ ಇತ್ತು, ಹಗ್ಗ ಇತ್ತು, ಜರೀಗಿಡ ಇತ್ತು. ಮೀನು ನೋಡಲೆಂದು ಹೋದವಳು ಮೀನು ಎಂದು ಒಂದು ಕಡೆಯೂ ಬರೆದಿರಲಿಲ್ಲ. ಸಮಾಜದಲ್ಲಿ ಓದಿ ಮುಗಿಸಿದಾಗ ಸಣ್ಣತಾಯಮ್ಮ, "ಅಲ್ಲ ಕಣಮ್ಮ, ಆ ಮೀನ್ಗಳು ಏನಾದ್ವಂತೆ?" ಎಂದು ಕೇಳಿದಳು. ಆಗಲೇ ನನಗೆ ಹೊಳೆಯಿತು. ಹೊಳೆದಂಡೆಯ ಊರಿನಲ್ಲಿ ಹುಟ್ಟಿ ಬೆಳೆದವಳು ನಾನು, ನಿಂತ ನೀರಿಗೆ ಸೀಗೆ ಅಂಟುವಾಳ ಬಿದ್ದರೆ ಮೀನಿನ ಗತಿ ಏನೆಂದು ನನಗೆ ಗೊತ್ತಿಲ್ಲವೇ? ನಾನು ಕಾಗದದ ಮೇಲೆ ಬೆರಳಿಟ್ಟು, "ಮೀನುಗಳೂ ಚೆನ್ನಾಗಿದ್ದವು, ಪುರಿ ಹಾಕಿದೆವು" ಎಂದು ಓದಿದೆ. ನೀನು ಬರೆಯದ ಸಾಲನ್ನು ಓದಿ ಚಪ್ಪಾಳೆ ತಟ್ಟಿಸಿಕೊಂಡೆ. ಗೌರಮ್ಮನ ಪುಡಿಯ ಹೆಸರು ಉಳಿಯಬೇಕಿತ್ತು ನನಗೆ.

ನೀನು ಬೇಡ ಎಂದ ಮೇಲೂ ದೊಡ್ಡ ಪೊಟ್ಟಣ ಏಕೆ ಕಳಿಸಿದೆ ಎಂದುಕೊಂಡೆ? ನೀನು ಅದನ್ನು ತೆಗೆದುಕೊಂಡು ತಲುಪಿತು ಎಂದು ಬರೆದರೆ, ಏನೂ ಆಗಿಲ್ಲ, ನನ್ನ ಊಹೆಯೇ ತಪ್ಪು ಎಂದು ನೆಮ್ಮದಿಯಾಗಿರಬಹುದಿತ್ತು. ನೀನು ಮುಟ್ಟಲಿಲ್ಲ ಎಂದು ಶೇಷಗಿರಿ ಹೇಳಿದಾಗ ನನಗೆ ಎಲ್ಲ ಗೊತ್ತಾಯಿತು. ಗೊತ್ತಾದದ್ದಕ್ಕೇ ಅಷ್ಟು ಸಿಟ್ಟಿನಿಂದ ಬರೆದೆ. ನಿನಗೆ ನಾಚಿಕೆ ಎಂದು ನಿನ್ನನ್ನು ಹಂಗಿಸಿದೆ. ನಾಚಿಕೆ ಪಡಬೇಕಾದವಳು ನಾನೂ ಇದ್ದೆ.

ಮೊನ್ನೆ ಸಮಾಜದಲ್ಲಿ ನಿಜ ಹೇಳಿದೆ. ನಿನ್ನ ಕಾಗದ ಓದಲಿಲ್ಲ, ಹೆದರಬೇಡ. ನಾನು ಇಲ್ಲದ ಸಾಲು ಓದಿದ್ದೆ, ಆ ಮೀನುಗಳು ನನ್ನ ಪುಡಿಯಿಂದ ಸತ್ತವು ಎಂದೆ. ಸಣ್ಣತಾಯಮ್ಮ ನನಗೆ ಕಾಫಿ ತಂದುಕೊಟ್ಟಳು. ಕುಡಿಯದೆ ಲೋಟ ಇಟ್ಟು ಎದ್ದು ಬಂದೆ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಇದು ಹೊರಗೆ ಬರುವುದೇ. ನಿನ್ನ ಬಾಯಿಂದಲೇ ಬರಲಿ. ಆ ತಾಯಿಯ ಹತ್ತಿರ ಹೋಗು. ಗ್ರೀನ್ ಕಾರ್ಡು ಏನಾಗುತ್ತದೋ ಅದು ಆಗುತ್ತದೆ. ಪುಡಿ ಮಾಡಿದವಳು ನನ್ನ ಅತ್ತೆ ಗೌರಮ್ಮ, ಅಭ್ಯಂಜನ ಮಾಡು ಎಂದು ಒತ್ತಾಯಿಸಿದವಳೂ ಅವಳೇ ಎಂದು ಹೆಸರು ಹಿಡಿದು ಹೇಳು. ನ್ಯಾಯಕ್ಕೆ ನಾನೂ ಬರಬೇಕು.

ಅಂದು ಏಣಿಯ ಕೆಳಗೆ ನಿಂತು ಹಿಡಿದುಕೊಳ್ಳುತ್ತಿದ್ದೆ. ಇದನ್ನು ನೀನೊಬ್ಬಳೇ ಇಳಿಯಬೇಕು.

ಅತ್ತೆ


ಸಾಂಟಾ ಕ್ಲಾರಾ
೩ ಮೇ ೧೯೮೭

ಪ್ರೀತಿಯ ಅತ್ತೆಗೆ,

ಹೇಳಿದೆ.

ನಿಮ್ಮ ಕಾಗದ ಬಂದ ಮೇಲೂ ಮೂರು ವಾರ ಹಿಂದೆ ಮುಂದೆ ನೋಡಿದೆ, ಅದನ್ನೂ ಮುಚ್ಚಿಡುವುದಿಲ್ಲ. ಶ್ರೀಕಂಠನಿಗೆ ಮೊದಲು ಹೇಳಿದೆ. ಅವರು, "ನಾನೂ ಬರ್ತೀನಿ. ಬೂಟಿನ ದಾರ ನಾನೇ ಮೊದಲು ಕಟ್ಟಿದ್ದು" ಎಂದರು. ಇಬ್ಬರೂ ಶನಿವಾರ ಬೆಳಿಗ್ಗೆ ರುತ್ ಮನೆಗೆ ಹೋದೆವು.

ಬರಿಗೈಯಲ್ಲಿ ಹೋಗಬಾರದು, ಆ ಪುಡಿ ನೋಡದೆ ಅವರು ನಂಬುವುದಿಲ್ಲ ಎನಿಸಿತು. ದಾರಿಯಲ್ಲಿ ಸನ್ನಿವೇಲ್‌ಗೆ ಹೋಗಿ ಶೇಷಗಿರಿಯವರ ಮಗಳನ್ನು ಪೊಟ್ಟಣ ಕೇಳಿದೆ. ಬಾಣಂತಿ ಅರ್ಧ ಮುಗಿಸಿದ್ದಳು. "ನಿಮ್ಮತ್ತೆ ಪುಡಿ ಸೂಪರ್ ನಿರುಪಮಾ, ಬೇಡ ಅಂದ್ರಲ್ಲ ಅಂತ ಯೂಸ್ ಮಾಡ್ಬಿಟ್ಟೆ" ಎಂದು ನಾಚಿಕೊಂಡಳು. ಉಳಿದದ್ದನ್ನು ಕಟ್ಟಿಕೊಟ್ಟಳು.

ರುತ್ ಅಡಿಗೆಮನೆಯ ಮೇಜಿನ ಮೇಲೆ ಅದನ್ನು ಇಟ್ಟು ಎಲ್ಲ ಹೇಳಿದೆ. ನೀವು ಹೇಳಿದಂತೆ ನಿಮ್ಮ ಹೆಸರೂ ಹೇಳಿದೆ. ಅವರು ನನ್ನನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಪೊಟ್ಟಣ ಬಿಚ್ಚಿ ಮೂಸಿದರು. ಮುಖ ಬದಲಾಯಿತು. ಗಂಟು ನೋಡುವಾಗ ನನ್ನ ಜಡೆಯಿಂದ ಬಂದ ವಾಸನೆ ಅವರಿಗೆ ನೆನಪಿತ್ತು.

"ನೀನು ನನ್ನ ಕಾಗದದಲ್ಲಿ ಅಲ್ಪವಿರಾಮ ತಿದ್ದಿದೆ" ಎಂದರು. ನಾನು ಹೌದು ಎಂದೆ. "ಮೀನು ಸತ್ತದ್ದನ್ನು ನಾನು ಒಂದು ದಿನ ಕ್ಷಮಿಸಬಹುದು. ಆ ಅಲ್ಪವಿರಾಮವನ್ನು ಕ್ಷಮಿಸಲು ನನಗೆ ಬರುವುದಿಲ್ಲ." ಶ್ರೀಕಂಠ ಏನೋ ಹೇಳಲು ಹೋದರು. ರುತ್ ಕೈ ಎತ್ತಿ ತಡೆದರು. ಅತ್ತೆ, ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

ಬುಗ್ಗೆಯ ಬಿರುಕಿನ ಒಳಗೆ ಕೆಲವು ಮೀನು ಉಳಿದಿರಬಹುದು, ಬೇಸಿಗೆಯಲ್ಲಿ ಸಂಘದವರು ಇಳಿದು ನೋಡುತ್ತಾರಂತೆ. ಉಳಿದಿವೆಯೋ ಇಲ್ಲವೋ ನನಗೆ ಯಾರೂ ಹೇಳಬೇಕಾಗಿಲ್ಲ ಎಂದು ರುತ್ ಸ್ಪಷ್ಟವಾಗಿ ಹೇಳಿದರು. ನಾನು ಬರೆದುಕೊಡುವ ತಪ್ಪೊಪ್ಪಿಗೆಯನ್ನೂ ಪುಡಿಯನ್ನೂ ಕಚೇರಿಗೆ ಅವರೇ ಕಳಿಸುತ್ತಾರೆ. ಅದರಿಂದ ನಮಗೇನಾಗುತ್ತದೋ ಗೊತ್ತಿಲ್ಲ.

ಪೊಟ್ಟಣದ ಮೇಲೆ ನೀವು ಅಂಟಿಸಿದ್ದ ಚೀಟಿಯನ್ನು ಅವರು ಬೆರಳಿನಿಂದ ತೋರಿಸಿ, ಏನು ಬರೆದಿದೆ ಎಂದು ಕೇಳಿದರು. ನಾನು ಓದಿ ಹೇಳಿದೆ. "ನನ್ನ ನಿರುಗೆ, ಗೌರಮ್ಮ ಅತ್ತೆ ಮಾಡಿದ್ದು. ಕಣ್ಣಿಗೆ ಬೀಳದಂತೆ ಜೋಪಾನ." ರುತ್ ಎದ್ದು ಕೆಟಲಿನಲ್ಲಿ ನೀರು ಕಾಯಿಸಿದರು. ನಮಗೆ ಟೀ ಕೊಡುತ್ತಾರೆ ಎಂದುಕೊಂಡೆ. ಅವರು ಆ ಚೀಟಿಯನ್ನು ಹಬೆಗೆ ಹಿಡಿದು, ಹರಿಯದಂತೆ ನಿಧಾನವಾಗಿ ಬಿಡಿಸಿ, ಬಟ್ಟೆಯಲ್ಲಿ ಒರೆಸಿ ನನ್ನ ಕೈಗಿಟ್ಟರು. "ಇದು ಕಚೇರಿಯವರಿಗೆ ಬೇಕಿಲ್ಲ. ನಿನ್ನ ಅತ್ತೆ ಆ ಕೊಳಕ್ಕೆ ಇಳಿಯಲಿಲ್ಲ" ಎಂದರು.

ಏರೋಗ್ರಾಮಿನೊಳಗೆ ಏನೂ ಇಡುವಂತಿಲ್ಲ, ಅದಕ್ಕೇ ಈ ಸಲ ಕವರು. ಚೀಟಿ ಇದರಲ್ಲಿದೆ. ನೀವು ನ್ಯಾಯಕ್ಕೆ ಬರುತ್ತೇನೆ ಎಂದಿರಿ, ಅವರು ನಿಮ್ಮನ್ನು ಬಾಗಿಲಿನಿಂದಲೇ ಗೌರವವಾಗಿ ಕಳಿಸಿಕೊಟ್ಟರು.

ಆಮೇಲೆ ಒಂದು ಪೆನ್ನು ತಂದು, ಚೀಟಿ ಕಿತ್ತ ಜಾಗವನ್ನು ತೋರಿಸಿದರು. ಅಲ್ಲಿ ನನ್ನ ಪೂರ್ತಿ ಹೆಸರು ಬರೆದೆ. ಕಾಗದ ಇನ್ನೂ ಒದ್ದೆಯಿತ್ತು, ಶಾಯಿ ಸ್ವಲ್ಪ ಹರಡಿತು.

ನಿಮ್ಮ
ನಿರುಪಮಾ